ಎಡಗಡೆಯ ಮುಚ್ಚಳ

ಕಳೆದ ವಾರ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ತುಕ್ಕು ತಡೆಯುವ ಕೆಂಪು ಬಣ್ಣ, ರೆಡ್ ಆಕ್ಸೈಡ್ ಬಳಿದರು. ನಾವಿರುವುದು ಮೂರನೇ ಮಹಡಿಯಲ್ಲಿ. ಋಷಿಕೊಂಡದ ಕಡಲ ಕಡೆಯಿಂದ ಬೀಸುವ ಗಾಳಿ ಆ ವಾಸನೆಯನ್ನು ನೇರ ಅಡುಗೆಮನೆಗೇ ತಂದು ಸುರಿಯಿತು. ಟರ್ಪೆಂಟೈನು, ಸೀಮೆಎಣ್ಣೆ, ಅವುಗಳ ಅಡಿಯಲ್ಲಿ ಆಗಷ್ಟೇ ಉಜ್ಜಿದ ಕಬ್ಬಿಣದ ಒಗರು... ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗ್ಯಾಸ್ ಆರಿಸಿ ಕಿಟಕಿ ಮುಚ್ಚಿದೆ. ಗೇಟಿನ ಕೆಲಸ ಎರಡು ದಿನ ನಡೆಯಿತು. ಎರಡು ದಿನವೂ ನಾನು ಆ ಕಿಟಕಿ ತೆಗೆಯಲಿಲ್ಲ.

ಆ ವಾಸನೆಯ ಪಕ್ಕದಲ್ಲಿ ನಾನು ಏಳು ವರ್ಷ ಬದುಕಿದ್ದೆ.

ನನ್ನ ಗಂಡ ಆಗ ನೌಕಾಪಡೆಯಲ್ಲಿದ್ದರು. ಈಗ ನಿವೃತ್ತರಾಗಿ ಇಲ್ಲೇ ಗುಡ್ಡದ ಮೇಲಿನ ಒಂದು ಐಟಿ ಆಫೀಸಿನಲ್ಲಿ ಸೆಕ್ಯೂರಿಟಿ ಮೇಲ್ವಿಚಾರಕರು. ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ಕ್ವಾರ್ಟರ್ಸ್ ಸಿಗಲು ತಡವಾಯಿತು. ಮಲ್ಕಾಪುರಂನಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಆಮೇಲೆ ಕ್ವಾರ್ಟರ್ಸ್ ಸಿಕ್ಕಿದರೂ ನಾನೇ ಬೇಡವೆಂದೆ. ಪಕ್ಕದ ಮನೆ ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ಪಕ್ಕದ ಮನೆಯ ಯಜಮಾನರನ್ನು ಬೀದಿಯವರೆಲ್ಲ "ಮೇಸ್ತ್ರಿಗಾರು" ಎನ್ನುತ್ತಿದ್ದರು. ನಾವು ಬಂದ ಮೊದಲ ದಿನ ಲಾರಿಯಿಂದ ಇಳಿಸುವಾಗ ನನ್ನ ತಾಮ್ರದ ಹಂಡೆ ಜಾರಿ ಬಿದ್ದು ನೆಗ್ಗಿಹೋಯಿತು. ನಾನು ತಿಪಟೂರಿನ ಕನ್ನಡದಲ್ಲಿ ನನ್ನ ಹಣೆಬರಹವನ್ನು ಬೈದುಕೊಳ್ಳುತ್ತಿದ್ದೆ. ಕಾಂಪೌಂಡಿನ ಆಚೆಯಿಂದ ದನಿ ಬಂತು.

"ಯಾವೂರವಾ ನಿಮ್ದು? ಆ ಹಂಡೆ ಇತ್ತಾಗ ಕೊಡು. ನಾಳಿ ಮುಂಜಾನೆಗೆ ನೆಗ್ಗಿದ್ದ ಜಾಗ ಯಾವ್ದಂತ ನೀನ ಹುಡುಕಬೇಕು, ಹಂಗ ಮಾಡಿಕೊಡ್ತೀನಿ."

ಅವರು ಗದಗಿನ ಕಡೆಯವರು. ಇಪ್ಪತ್ತರ ಹರೆಯದಲ್ಲಿ ಹಡಗು ರಿಪೇರಿಯ ಒಬ್ಬ ಗುತ್ತಿಗೆದಾರನ ಹಿಂದೆ ಈ ಊರಿಗೆ ಬಂದವರು. ಬಂದರಿನ ಬದಿಯ ಒಂದು ಖಾಸಗಿ ಶೆಡ್ಡಿನಲ್ಲಿ ಫಿಟ್ಟರ್ ಆಗಿ ಸೇರಿ, ಮೇಸ್ತ್ರಿಯಾಗಿ ಹೊರಬಂದಿದ್ದರು. ಮೊದಲ ಸಲ ಅವರನ್ನು ನಾನೂ "ಮೇಸ್ತ್ರಿಗಾರು" ಎಂದಾಗ ಕೈಯಾಡಿಸಿಬಿಟ್ಟರು. "ಗಾರು ಗೀರು ಬ್ಯಾಡ. ಕನ್ನಡದಾಕಿ ಬಾಯಾಗ 'ಕಾಕಾ' ಅನ್ನಿಸ್ಕೊಂಡು ಭಾಳ ವರ್ಷ ಆತು, ಹಂಗ ಅನ್ನು." ಅವರ ಹೆಂಡತಿ ತೆಲುಗಿನವರು, ಕೊಂಡಪಲ್ಲಿಯ ಮರದ ಗೊಂಬೆ ಮಾಡುವ ಮನೆತನದವರು. ಅವರನ್ನು ನಾನು ತೆಲುಗಿನಲ್ಲೇ "ಪಿನ್ನಿ" ಎಂದು ಕರೆದೆ, ಚಿಕ್ಕಮ್ಮ ಅನ್ನುವ ಹಾಗೆ. ಒಬ್ಬರಿಗೆ ಒಂದು ಭಾಷೆಯ ಸಂಬಂಧ, ಇನ್ನೊಬ್ಬರಿಗೆ ಇನ್ನೊಂದು ಭಾಷೆಯದು. ಆ ಮನೆಯಲ್ಲಿ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಕಾಕಾನ ಮನೆಯ ಮಗ್ಗುಲಿಗೆ ಸಿಮೆಂಟು ಶೀಟು ಹೊದಿಸಿದ ಒಂದು ಚಾವಡಿ ಇತ್ತು. ನಿವೃತ್ತಿಯಾದ ಮೇಲೆ ಅವರ ದಿನವೆಲ್ಲ ಅಲ್ಲೇ. ಹಳೆಯ ಹತ್ಯಾರು ಪೆಟ್ಟಿಗೆಗಳನ್ನು ಹೊಸದು ಮಾಡುವುದು ಅವರ ಕೆಲಸ. ಹಿಡಿ ಎತ್ತಿದರೆ ಎರಡು ಮುಚ್ಚಳ ಎಡಕ್ಕೂ ಬಲಕ್ಕೂ ಬಾಯ್ದೆರೆದು, ಒಳಗಿನ ಅರೆಗಳು ಮೆಟ್ಟಿಲಿನಂತೆ ಹರಡಿಕೊಳ್ಳುತ್ತವಲ್ಲ, ಅಂಥ ತಗಡಿನ ಪೆಟ್ಟಿಗೆಗಳು. ಈ ಊರಿನ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಮೆಕ್ಯಾನಿಕ್ಕುಗಳು, ಫಿಟ್ಟರುಗಳು, ವೆಲ್ಡರುಗಳು ಕೀಲು ಹಿಡಿದ, ತೂತು ಬಿದ್ದ, ಅರೆ ಕಳಚಿದ ಪೆಟ್ಟಿಗೆಗಳನ್ನು ತಂದು ಕಾಂಪೌಂಡಿನ ಮೇಲೆ ಇಟ್ಟುಹೋಗುತ್ತಿದ್ದರು. ಗುಜರಿ ಅಂಗಡಿಯಲ್ಲಿ ಕಂಡದ್ದನ್ನು ಕಾಕಾ ತಾವೇ ಹೊತ್ತು ತರುತ್ತಿದ್ದುದೂ ಉಂಟು.

ಕೆಲಸಕ್ಕೆ ಮುಂಚೆ ಪೆಟ್ಟಿಗೆಯ ಮೂಲೆಮೂಲೆಯನ್ನೂ ಬರಿದು ಮಾಡುತ್ತಿದ್ದರು. ಒಣಗಿದ ಅಡಿಕೆ ಹೋಳು, ಬಸ್ ಟಿಕೆಟ್ಟು, ಮುರಿದ ಕನ್ನಡಕದ ಕಡ್ಡಿ, ಏನೇ ಸಿಗಲಿ, ಅದನ್ನು ಒಂದು ಪೊಟ್ಟಣ ಕಟ್ಟಿ ಪೆಟ್ಟಿಗೆಯ ಜೊತೆ ವಾಪಸು ಕೊಡುತ್ತಿದ್ದರು. "ಕಸ ಅಂತ ನಾವ್ಯಾಕ ಹೇಳೂಣು?" ಎನ್ನುತ್ತಿದ್ದರು. ಆಮೇಲೆ ಹುಣಸೆಹಣ್ಣಿನ ನೀರಲ್ಲಿ ನೆನೆಹಾಕಿ, ತಂತಿ ಬ್ರಷ್ಷಿನಿಂದ ತಿಕ್ಕಿ, ಎಮರಿ ಕಾಗದದಿಂದ ಉಜ್ಜುವುದು. ನೆಗ್ಗಿದ ಜಾಗವನ್ನು ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಿಂದ ತಟ್ಟುವುದು. ತಟ್ಟುವಾಗ ಅವರು ತಗಡನ್ನು ನೋಡುತ್ತಲೇ ಇರಲಿಲ್ಲ. ನನ್ನ ಜೊತೆ ಮಾತಾಡುತ್ತ, ಎಡಗೈಯ ಮೂರು ಬೆರಳನ್ನು ತಗಡಿನ ಮೇಲೆ ಓಡಾಡಿಸುತ್ತಿದ್ದರು. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಆ ಬೆರಳುಗಳಿಗೇ ಗೊತ್ತಾಗುತ್ತಿತ್ತು. ಕೊನೆಯಲ್ಲಿ ರೆಡ್ ಆಕ್ಸೈಡ್, ಅದರ ಮೇಲೆ ಬೂದು ಬಣ್ಣದ ಎನಾಮೆಲ್. ಅಂಚಿಗೆ ಒಂದು ಹಳದಿ ಗೆರೆ ಮಾತ್ರ ಪಿನ್ನಿಯ ಪಾಲು. ಗೊಂಬೆಗಳಿಗೆ ಹುಬ್ಬು ತೀಡುವ ಆಡಿನ ಕೂದಲ ಕುಂಚದಿಂದ ಅವರು ಉಸಿರು ಬಿಗಿಹಿಡಿದು ಆ ಗೆರೆ ಎಳೆಯುತ್ತಿದ್ದರು.

ಕಾಕಾನ ಕಣ್ಣು ಯಾವಾಗ ಕೆಡಲು ಶುರುವಾಯಿತೋ ನನಗೆ ಗೊತ್ತಿಲ್ಲ. ಬಟ್ಟೆ ಒಣಗುವ ತಂತಿಗೆ ಹಣೆ ಬಡಿಸಿಕೊಂಡರು. ಒಂದು ಸಲ ಚಹಾವನ್ನು ಬಸಿಯ ಹೊರಗೇ ಬಗ್ಗಿಸಿದರು. ನಾನು ನೋಡಿದೆನೆಂದು ತಿಳಿದು "ಬಸಿ ಜರುಗಿತು ನೋಡು" ಎಂದರು. ಕಣ್ಣಾಸ್ಪತ್ರೆಗೆ ಪಿನ್ನಿ ಒತ್ತಾಯದಿಂದ ಕರೆದುಕೊಂಡು ಹೋದರಂತೆ. ಗ್ಲಾಕೋಮಾ. ಹೋದ ದೃಷ್ಟಿ ಹೋದದ್ದೇ, ಉಳಿದದ್ದನ್ನು ಔಷಧಿಯ ಹನಿ ಹಾಕಿ ಆದಷ್ಟು ದಿನ ಕಾಯಬೇಕು ಎಂದರಂತೆ ಡಾಕ್ಟರು. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ, ಒಂದು ಮಧ್ಯಾಹ್ನ.

ಹಿಂದಿನ ದಿನ ಪಿನ್ನಿ ಪುಳಿಹೋರ ಕೊಟ್ಟ ಡಬ್ಬಿಯನ್ನು ತಿರುಗಿಸಲು ಹೋಗಿದ್ದೆ. ಕಾಕಾ ಊಟ ಮಾಡಿ ಒಳಕೋಣೆಯಲ್ಲಿ ಮಲಗಿದ್ದರು. ಗೊರಕೆ ಕೇಳುತ್ತಿತ್ತು. ಚಾವಡಿಯಲ್ಲಿ ಪಿನ್ನಿ ಕುಕ್ಕರುಗಾಲಲ್ಲಿ ಕೂತು, ಬೆಳಿಗ್ಗೆ ಕಾಕಾ ಬಣ್ಣ ಹಚ್ಚಿದ್ದ ಪೆಟ್ಟಿಗೆಗೆ ಮತ್ತೆ ಬಣ್ಣ ಹಚ್ಚುತ್ತಿದ್ದರು. ಹತ್ತಿರ ಹೋದೆ. ಬೂದು ಬಣ್ಣದ ನಡುವೆ ಅಂಗೈಯಗಲ ಎರಡು ಕಡೆ ಕೆಂಪು ಹಾಗೇ ಉಳಿದಿತ್ತು. ಅಂಚಿನಲ್ಲಿ ಬಣ್ಣ ಕಣ್ಣೀರಿನ ಹಾಗೆ ಇಳಿದು ಗಟ್ಟಿಯಾಗುತ್ತಿತ್ತು. ಅದು ಆರುವುದರೊಳಗೆ ಪಿನ್ನಿ ಕುಂಚದ ತುದಿಯಿಂದ ಇಳಿದದ್ದನ್ನೆಲ್ಲ ಮೇಲಕ್ಕೆ ಎಳೆದು ಸಮ ಮಾಡುತ್ತಿದ್ದರು.

ನನ್ನನ್ನು ನೋಡಿ ಅವರು ಬೆಚ್ಚಲಿಲ್ಲ. "ಅಮ್ಮಾಯೀ, ಬಾಗಿಲು ಮುಂದಕ್ಕೆ ಎಳೆ" ಎಂದರು, ಮೆಲ್ಲಗೆ.

ಎಷ್ಟು ದಿನದಿಂದ ಎಂದು ಕೇಳಿದೆ. ಅವರು ಲೆಕ್ಕ ಹಾಕುವವರ ಹಾಗೆ ಕುಂಚವನ್ನು ಗಾಳಿಯಲ್ಲಿ ಹಿಡಿದರು. ಆಮೇಲೆ ಲೆಕ್ಕ ಬಿಟ್ಟು ಮತ್ತೆ ಕೆಲಸಕ್ಕೆ ಬಗ್ಗಿದರು.

"ಆಯನಗೆ ಚೆಪ್ಪಬ್ಯಾಡಮ್ಮಾ," ಎಂದರು, ಅವರಿಗೆ ಹೇಳಬೇಡ ಅನ್ನುವ ಹಾಗೆ. ಅವರ ಕನ್ನಡ ಹಾಗೇ, ಗಂಡನ ಗದಗು ಅರ್ಧ, ತಮ್ಮ ಕೃಷ್ಣಾ ದಂಡೆಯ ತೆಲುಗು ಅರ್ಧ. "ಕಬ್ಬಿಣ ಕೈಗೆ ತಿಳೀತದೆ. ರಂಗು ತಿಳಿಯಲ್ಲ. ಕಣ್ಣು ಪೋಯಿಂದಿ, ಹೋಗಲಿ. ಕೈ ಹೋಯಿತು ಅಂತ ಅವರು ಅನುಕೋಬಾರದು."

ಮರುದಿನ ಬಣ್ಣ ಆರಿದ ಮೇಲೆ ಕಾಕಾ ಆ ಪೆಟ್ಟಿಗೆಯ ಮೈ ಸವರಿ, ಎಲ್ಲೂ ಒಂದು ಗಂಟಿಲ್ಲದ್ದು ಕಂಡು ನನ್ನನ್ನು ಕರೆದರು. "ನೋಡಿಲ್ಲಿ. ಕಣ್ಣು ಮಂಜಾದ್ರೇನಾತು? ಇನ್ನೂ ಕೈ ಐತಿ." ಪಿನ್ನಿ ನನ್ನ ಕಡೆ ನೋಡಲೂ ಇಲ್ಲ. "ಅವುನಂಡಿ" ಎಂದು ಒಳಗೆ ಹೋದರು. ಹೌದ್ರೀ ಅಂದ ಹಾಗೆ, ಎಂದಿನ ಹಾಗೆ. ಆಮೇಲೆ ನನಗೆ ಗೊತ್ತಿದ್ದಂತೆಯೇ ಮೂರು ವರ್ಷ ಅದು ನಡೆಯಿತು. ಮೂರು ವರ್ಷ ಮಧ್ಯಾಹ್ನ ಪಿನ್ನಿ ಮಲಗಲಿಲ್ಲ.

ಅಷ್ಟರಲ್ಲಿ ತಿಪಟೂರಿನಲ್ಲಿ ನನ್ನ ಅಪ್ಪ ತೀರಿಕೊಂಡರು. ಅಪ್ಪ ಎಣ್ಣೆ ಗಾಣದ ಯಂತ್ರ ರಿಪೇರಿ ಮಾಡುತ್ತಿದ್ದವರು. ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆ ಕಟ್ಟಿಕೊಂಡು ಮಿಲ್ಲಿಂದ ಮಿಲ್ಲಿಗೆ ಹೋಗುತ್ತಿದ್ದರು. ಹಸಿರು ಬಣ್ಣದ, ಐದು ಅರೆಯ ಪೆಟ್ಟಿಗೆ. ಎಡ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಿಂದ ತಮ್ಮ ಹೆಸರು ಬರೆದುಕೊಂಡಿದ್ದರು. ಅದರ ಕೆಳಗೆ ಇನ್ನೊಂದು ಸಾಲು: "ಕೇಳಿ ತಗಳಿ." ಅವರು ಓದಿದ್ದು ನಾಲ್ಕನೇ ಕ್ಲಾಸು. ಮಾತಾಡಿದ ಹಾಗೇ ಬರೆದಿದ್ದರು. ಅಪ್ಪನ ಕೈಬರಹ ಅಂತ ನಮಗೆ ಉಳಿದದ್ದು ಅದೊಂದೇ. ಅವರು ಕಾಗದ ಬರೆದವರಲ್ಲ, ಸಹಿ ಹಾಕುವಾಗಲೂ ಇಂಗ್ಲಿಷಿನ ಎರಡು ಅಕ್ಷರ ಗೀಚುತ್ತಿದ್ದರು. ಅಣ್ಣ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕುವವನಿದ್ದ. ನಾನು ಜಗಳವಾಡಿ ರೈಲಿನಲ್ಲಿ ತಂದೆ.

ಕಾಕಾ ಅದನ್ನು ಮಡಿಲಿನಲ್ಲಿಟ್ಟುಕೊಂಡು ತುಂಬಾ ಹೊತ್ತು ಸವರಿದರು. "ಕೆಲಸಗಾರನ ಪೆಟ್ಟಿಗಿ" ಎಂದಷ್ಟೇ ಹೇಳಿದರು. ಅಕ್ಷರಗಳ ವಿಷಯ ಹೇಳಿದಾಗ, "ಮುಟ್ಟಂಗಿಲ್ಲ. ಅದರ ಸುತ್ತ ಹೊಸಾದು ಮಾಡ್ತೀನಿ, ಅದನ್ನ ಹಂಗ ಬಿಡ್ತೀನಿ" ಎಂದು ಮಾತು ಕೊಟ್ಟರು. ಪಿನ್ನಿ ಆ ಅಕ್ಷರಗಳನ್ನು ಬಗ್ಗಿ ನೋಡಿದರು. ಕನ್ನಡ ಓದಲು ಅವರಿಗೆ ಬಾರದು, ತೆಲುಗಿನ ಬಲದ ಮೇಲೆ ಒಂದೊಂದೇ ಅಕ್ಷರ ಹಿಡಿದು "ಕೇ... ಳಿ..." ಎಂದು ಓದಿ ನಕ್ಕರು. ನವರಾತ್ರಿ ಕಳೆಯಲಿ, ಆಮೇಲೆ ಶುರು ಮಾಡೋಣ ಎಂದರು.

ನವರಾತ್ರಿ ಕಳೆಯಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲಿ ನೀರು ಹಿಡಿಯುತ್ತಿದ್ದ ಪಿನ್ನಿ ಎದೆ ಹಿಡಿದುಕೊಂಡು ಕೂತರು. ಆಟೋದಲ್ಲಿ ಅವರ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಅದರ ಭಾರ ಬದಲಾಯಿತು. ಹೇಗೆ ಅಂತ ಹೇಳಲಾರೆ... ಬದಲಾಯಿತು.

ಅವರ ಮಗಳು ವಿಜಯವಾಡದ ಹತ್ತಿರದ ಇಬ್ರಾಹಿಂಪಟ್ನಂನಿಂದ ಬಂದಳು. ಅವಳ ಗಂಡ ಅಲ್ಲಿನ ವಿದ್ಯುತ್ ಕೇಂದ್ರದಲ್ಲಿ ನೌಕರ. ಹನ್ನೆರಡು ದಿನ ಮುಗಿದ ಮೇಲೆ ತಂದೆಯನ್ನು ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆಂದಳು. ಕಾಕಾ ಒಪ್ಪಲಿಲ್ಲ. "ಒಂದು ಪೆಟ್ಟಿಗಿ ಬಾಕಿ ಐತಿ. ಮಾತು ಕೊಟ್ಟೀನಿ" ಎಂದರು. ಆ ಪೆಟ್ಟಿಗೆ ನನ್ನದು.

ನಾನು ಬೇಡ ಎನ್ನಬಹುದಿತ್ತು. ಈಗಲೂ ಅದನ್ನೇ ಯೋಚಿಸುತ್ತೇನೆ. ಆದರೆ ಅವರಿಗೆ ಬೆಳಿಗ್ಗೆ ಏಳಲು ಒಂದು ಕಾರಣ ಬೇಕಿತ್ತು, ಅದು ಆ ಪೆಟ್ಟಿಗೆಯೇ ಆಗಲಿ ಎಂದುಕೊಂಡೆ. ಬಣ್ಣ ಹಚ್ಚುವ ದಿನ ಮಧ್ಯಾಹ್ನ ನಾನು ಪಿನ್ನಿಯ ಜಾಗದಲ್ಲಿ ಕೂತರಾಯಿತು ಎಂದು ಒಳಗೊಳಗೇ ಸಿದ್ಧವಾಗಿದ್ದೆ. ಕುಂಚವನ್ನೂ ಎತ್ತಿಟ್ಟುಕೊಂಡಿದ್ದೆ. ತಪ್ಪುವುದು ಬಣ್ಣದಲ್ಲಿ ಮಾತ್ರ, ಕಬ್ಬಿಣದ ಕೆಲಸದಲ್ಲಿ ಅವರ ಕೈ ತಪ್ಪುವುದಿಲ್ಲವೆಂದು ಪಿನ್ನಿ ಹೇಳಿದ್ದರಲ್ಲ. ಹಾಗಾಗಿ ಉಜ್ಜುವ ದಿನಗಳಲ್ಲಿ ನಾನು ಅತ್ತ ಹೆಚ್ಚು ಹೋಗಲೇ ಇಲ್ಲ. ನನ್ನ ಮಗನಿಗೆ ಪರೀಕ್ಷೆ ನಡೆಯುತ್ತಿತ್ತು. ಗೋಡೆಯಾಚೆ ಎಮರಿ ಕಾಗದದ ಸದ್ದು ಕೇಳುತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಲ್ಕನೆಯ ದಿನ ಅವರೇ ಕರೆದರು. ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಪಿನ್ನಿ ಹೋದ ಮೇಲೆ ಅವರು ಹಾಗೆ ಕಂಡದ್ದು ಅದೇ ಮೊದಲು. ಪೆಟ್ಟಿಗೆ ಬಾಯ್ದೆರೆದು ಮಣೆಯ ಮೇಲೆ ಕೂತಿತ್ತು. ತುಕ್ಕೆಲ್ಲ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮುಚ್ಚಳದ ಒಳಮೈಗೆ ಹಳೆಯ ಪೇಪರನ್ನು ನಾಲ್ಕು ಮಡಿಕೆ ಮಾಡಿ, ಸುತ್ತಲೂ ಟೇಪು ಅಂಟಿಸಿದ್ದರು. ಒಂದು ಅಂಚೂ ಎದ್ದಿರಲಿಲ್ಲ.

"ತಗಡಿನ ಪುಡಿ ಸೈತ ತಾಗಗೊಟ್ಟಿಲ್ಲ," ಎಂದು ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ, ಮೆಲ್ಲಗೆ ಪೇಪರು ಬಿಡಿಸಿದರು. "ನೋಡ್ಕೊ. ನಿಮ್ಮಪ್ಪ ಹೆಂಗಿದ್ದನೋ ಹಂಗ ಅದಾನ."

ಪೇಪರಿನ ಕೆಳಗೆ ಹಳೆಯ ಹಸಿರು ಬಣ್ಣ, ಅಲ್ಲಲ್ಲಿ ತುಕ್ಕಿನ ಕಲೆ. ಬೇರೇನೂ ಇರಲಿಲ್ಲ. ಅದು ಬಲಗಡೆಯ ಮುಚ್ಚಳ. ಉಜ್ಜುವಾಗ ಎಂದೋ ಪೆಟ್ಟಿಗೆಯನ್ನು ತಿರುಗಿಸಿ ಇಟ್ಟಿದ್ದಾರೆ, ಎಡ ಬಲ ಅದಲುಬದಲಾಗಿದೆ. ಬಣ್ಣದ ಅಕ್ಷರ ಬೆರಳಿಗೆ ಸಿಗಲಿಲ್ಲ, ಕಣ್ಣಿಗೆ ಕಾಣಲಿಲ್ಲ. ಎಡಗಡೆಯ ಮುಚ್ಚಳ ಕನ್ನಡಿಯ ಹಾಗಿತ್ತು.

"ಕಾಕಾ," ಎಂದೆ. "ಇದಲ್ಲ. ಆ ಕಡೇದು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ನಗುತ್ತಲೇ ಇದ್ದರು. ಆಮೇಲೆ ಕೈ ಚಾಚಿ ಎಡ ಮುಚ್ಚಳವನ್ನು ಮುಟ್ಟಿದರು. ಮೂರು ಬೆರಳು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೋದವು. ಅಷ್ಟು ನುಣುಪಾದ ಕೆಲಸವನ್ನು ಅವರು ಎಂದೂ ಮಾಡಿರಲಾರರು.

"ಪೂರಾ ಹೋಗೈತೇನು? ಸಂದೀಲೆ ನೋಡು, ಒಂದು ಗೆರಿಯರ..."

ನನಗೆ ಅಳು ಬಂದುಬಿಟ್ಟಿತು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಕಾಕಾ ನನ್ನ ತಲೆಯ ಮೇಲೆ ಕೈ ಇಡಲು ಬಂದರು, ಕೈ ಭುಜಕ್ಕೆ ತಾಗಿತು. "ಆಕಿ ಇದ್ದಿದ್ರ ನೋಡಿ ಹೇಳ್ತಿದ್ಲು ನನಗ" ಎಂದರು.

ಆಗ ನಾನು ಆ ಮಾತು ಆಡಿದೆ. ಬೇಕೆಂದು ಆಡಲಿಲ್ಲ. ಅಳುವಿನ ನಡುವೆ ಬಾಯಿಂದ ಬಿತ್ತು. "ಪಿನ್ನಿ ಇದ್ದಿದ್ರೆ ಹೇಗಾದ್ರೂ ಸರಿ ಮಾಡಿರೋರು ಕಾಕಾ, ಯಾವಾಗ್ಲೂ ಮಾಡ್ತಿದ್ದ ಹಾಗೆ."

ಅವರ ಕೈ ನನ್ನ ಭುಜದ ಮೇಲೇ ಇತ್ತು.

"ಯಾವಾಗ್ಲೂ ಅಂದ್ರ?"

ಏನಾದರೂ ಹೇಳಬೇಕಿತ್ತು. ಹಳದಿ ಗೆರೆ ಅಂತಿದ್ದೆ, ಹಾಗೇ ಮಾತಿಗೆ ಅಂದೆ, ಹೀಗೆ ಏನೋ ಒಂದು. ನಾನು ಸುಮ್ಮನಿದ್ದಷ್ಟು ಹೊತ್ತೂ ಅವರಿಗೆ ಒಂದೊಂದಾಗಿ ತಿಳಿಯುತ್ತಿದ್ದುದು ಆ ಕೈಯಿಂದಲೇ ನನಗೆ ಗೊತ್ತಾಯಿತು. ಕೈ ಮೆಲ್ಲಗೆ ಭುಜದಿಂದ ಇಳಿಯಿತು.

ಗೋಡೆಯ ಹಲಗೆಯ ಮೇಲೆ ಪಿನ್ನಿ ಇದ್ದಾಗಲೇ ಮುಗಿದ ಎರಡು ಪೆಟ್ಟಿಗೆಗಳಿದ್ದವು, ಒಯ್ಯಲು ಯಾರೋ ಬರಬೇಕಿತ್ತು. ಕಾಕಾ ಗೋಡೆ ಹಿಡಿದು ಅಲ್ಲಿಗೆ ಹೋದರು. ಒಂದರ ಮೈ ಸವರಿದರು. "ಇದು?" ಎಂದರು. "ಇದು?" ಎಂದು ಇನ್ನೊಂದನ್ನು ಸವರಿದರು. ಆಮೇಲೆ ಕೇಳಲಿಲ್ಲ. ನನ್ನ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ರೆಡ್ ಆಕ್ಸೈಡ್ ಹಚ್ಚಿರಲಿಲ್ಲ. "ತಪ್ಪಾತವಾ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಆ ವಾರವೇ ಮಗಳಿಗೆ ಫೋನು ಮಾಡಿಸಿ, ಬಂದು ಕರೆದುಕೊಂಡು ಹೋಗೆಂದರು. ಹೊರಡುವ ದಿನ ಚಾವಡಿಯ ಕಡೆ ಮುಖ ತಿರುಗಿಸಲಿಲ್ಲ. ಹತ್ಯಾರುಗಳನ್ನು ಯಾರಾದರೂ ಒಯ್ಯಲಿ ಎಂದರು. ಬೀದಿಯವರು ಒಯ್ದರು.

ಎರಡು ವರ್ಷದ ನಂತರ ನನ್ನ ಗಂಡನ ಸಹೋದ್ಯೋಗಿಯ ಮಗಳ ಮದುವೆಗೆಂದು ವಿಜಯವಾಡಕ್ಕೆ ಹೋದೆವು. ಊಟವಾದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಇಬ್ರಾಹಿಂಪಟ್ನಂಗೆ ಹೋದೆ. ಅಷ್ಟು ದಿನ ಯಾಕೆ ಹೋಗಲಿಲ್ಲ ಎಂದರೆ, ಹೆದರಿಕೆ. ಕಾಕಾನಿಗೆ ಹೇಳಲು ಒಂದು ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದೆ.

ಎರಡನೇ ಮಹಡಿಯ ಮನೆ. ಕಿಟಕಿಯಾಚೆ ದೂರದಲ್ಲಿ ಚಿಮಣಿಗಳು. ಕಾಕಾ ಮಂಚದ ಮೇಲೆ ಕೂತಿದ್ದರು. ಎರಡೂ ಅಂಗೈ ಮಂಡಿಯ ಮೇಲೆ ಮೇಲ್ಮುಖವಾಗಿ ಬಿದ್ದಿದ್ದವು. ಬೆಳಕು ಕತ್ತಲೆ ಬಿಟ್ಟರೆ ಈಗ ಏನೂ ಕಾಣುವುದಿಲ್ಲವೆಂದು ಮಗಳು ಹೇಳಿದಳು. ಅವಳ ಮಕ್ಕಳು ತೆಲುಗಿನಲ್ಲಿ ಹರಟುತ್ತ ಓಡಾಡುತ್ತಿದ್ದರು. ಅವಳಿಗೇ ಕನ್ನಡ "ಊಟ ಆಯ್ತಾ, ಚೆನ್ನಾಗಿದ್ದೀರಾ" ದಾಟಿ ಮುಂದೆ ಹೋಗುತ್ತಿರಲಿಲ್ಲ. ನನ್ನ ದನಿ ಕೇಳಿ ಕಾಕಾ ಮೊದಲು ತೆಲುಗಿನಲ್ಲೇ "ಎವರೂ?" ಎಂದರು, ಯಾರು ಅನ್ನುವ ಹಾಗೆ. ಆಮೇಲೆ, "ಓ, ತಿಪಟೂರಾಕಿ. ಕುಂದ್ರು" ಎಂದರು.

ಕೈ ಹಿಡಿದುಕೊಂಡೆ. ಅಂಗೈಯ ಜಡ್ಡೆಲ್ಲ ಹೋಗಿ ಮೆತ್ತಗಾಗಿತ್ತು. ಯಾರದೋ ಕೈ ಹಿಡಿದ ಹಾಗಾಯಿತು.

ಮಗಳು ಕಾಫಿಗೆಂದು ಒಳಗೆ ಹೋದಾಗ ಕಲಿತು ಬಂದದ್ದನ್ನು ಒಪ್ಪಿಸಿದೆ. "ಕಾಕಾ, ಆ ಅಕ್ಷರ ಪೂರ್ತಿ ಹೋಗಿರಲಿಲ್ಲ. ಬಿಸಿಲಿಗೆ ಓರೆಯಾಗಿ ಹಿಡಿದ್ರೆ ಗೆರೆ ಕಾಣುತ್ತೆ. ಅಣ್ಣನೂ ನೋಡಿದ. ಮತ್ತೆ ಪಿನ್ನಿ ವಿಷಯ... ನಾನು ಅವತ್ತು ಏನೋ ಅಂದುಬಿಟ್ಟೆ, ಅವರು ಎಲ್ಲೋ ಒಂದೆರಡು ಸಲ ಮಾಡಿದ್ರು ಅಷ್ಟೆ."

ಅವರು ಹೇಳಿದರು. "ಸುಳ್ಳು ಹೇಳಾಕ ನಿನಗ ಬರಂಗಿಲ್ಲವಾ. ಆಕಿಗೆ ಬರ್ತಿತ್ತು."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ಶಕ್ತಿಯೂ ಇರಲಿಲ್ಲ.

"ಒಂದು ಕೇಳ್ತೀನಿ, ಖರೇ ಹೇಳು," ಎಂದರು ಮತ್ತೆ. "ನಾ ಒಬ್ಬಾವನ ಮಾಡಿದ್ದು, ಆಕಿ ಕೈ ಹಚ್ಚದ್ದು, ಕಡೀ ಪೆಟ್ಟಿಗಿ ಯಾವ್ದು? ನೀಲಿ ಲಾರಿಯವನದೇನು? ಆ ವೆಲ್ಡರಂದು?"

ನನಗೆ ಗೊತ್ತಿರಲಿಲ್ಲ. ನಾನು ನೋಡುವ ಮೊದಲೇ ಎಷ್ಟು ದಿನದಿಂದ ಅದು ನಡೆದಿತ್ತೋ ಪಿನ್ನಿಯೂ ಹೇಳಿರಲಿಲ್ಲ. "ಗೊತ್ತಿಲ್ಲ ಕಾಕಾ" ಎಂದೆ. ಅದೊಂದು ನಿಜ ಹೇಳಿದೆ.

"ಹೂಂ" ಎಂದರು. "ಅದು ತಿಳಿದಿದ್ರ ಸಾಕಿತ್ತು. ಅಲ್ಲೀತನಕ ನಂದು, ಅಲ್ಲಿಂದ ಆಕಿದು ಅಂತ... ಈಗ ಯಾವ್ದೂ ನಂದಲ್ಲ."

ಕಾಫಿ ಬಂತು. ಕುಡಿದು ಎದ್ದೆ. ಬಸ್‌ಸ್ಟಾಪಿನವರೆಗೆ ಮಗಳು ಬಂದಳು. ಅಪ್ಪ ಇಷ್ಟು ಹೊತ್ತು ಮಾತಾಡಿದ್ದು ನೋಡಿ ತುಂಬಾ ದಿನವಾಯಿತು, ಮತ್ತೆ ಬನ್ನಿ ಎಂದಳು. ನಾನು ಮತ್ತೆ ಹೋಗಲಿಲ್ಲ. ಹೋಗಬೇಕೆಂದು ಎರಡು ಸಲ ಟಿಕೆಟ್ಟು ಮಾಡಿಸಿ, ಎರಡು ಸಲವೂ ರದ್ದು ಮಾಡಿಸಿದೆ. ಮರುವರ್ಷ ಚಳಿಗಾಲದಲ್ಲಿ ಕಾಕಾ ಹೋದರು. ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ ಎಂದಳು ಮಗಳು. ನನಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ.

ಮಲ್ಕಾಪುರಂನ ಆ ಮನೆ ಈಗ ಮಾರಾಟವಾಗಿದೆ. ಚಾವಡಿ ಇದ್ದ ಜಾಗದಲ್ಲಿ ಕೊಂಡವರು ಎರಡು ಅಂಗಡಿ ಎಬ್ಬಿಸಿದ್ದಾರೆ. ಅಪ್ಪನ ಪೆಟ್ಟಿಗೆ ನನ್ನ ಬಳಿಯೇ ಇದೆ, ಮತ್ತೆ ತುಕ್ಕು ಹಿಡಿದಿದೆ. ನಾನು ಏನೂ ಹಚ್ಚಿಲ್ಲ. ಅಪ್ಪ ಅಕ್ಷರ ಬರೆಯುತ್ತಿದ್ದ ರೀತಿಯನ್ನು ಕಣ್ಣಿಗೆ ತಂದುಕೊಳ್ಳಲು ಮೊದಮೊದಲು ಆಗುತ್ತಿತ್ತು. ಈಗ "ಕೇಳಿ ತಗಳಿ" ಅಂದರೆ ನನ್ನದೇ ಕೈಬರಹ ಕಣ್ಣಮುಂದೆ ಬರುತ್ತದೆ. ಹೊರಮೈಯದು ಒಂದು ಫೋಟೋ ಇದೆ. ಒಳಗಿನದನ್ನು ತೆಗೆದಿಟ್ಟುಕೊಳ್ಳಬೇಕೆಂದು ನನಗೆ ಹೊಳೆದಿರಲೇ ಇಲ್ಲ.

ಮೊನ್ನೆ ಸಂಕ್ರಾಂತಿಗೆ ಕಾಕಾನ ಮಗಳು ಫೋನು ಮಾಡಿದ್ದಳು. ಹಬ್ಬದ ಮಾತೆಲ್ಲ ಆಯಿತು. ಇಡುವ ಮೊದಲು ತಡೆದು, ತೆಲುಗಿನಲ್ಲಿ ಒಂದು ಮಾತು ಕೇಳಿದಳು. ಅಪ್ಪನನ್ನು ಅವಳು "ನಾನ್ನ" ಎನ್ನುತ್ತಾಳೆ. "ಆಂಟೀ, ನಮ್ಮಮ್ಮನಿಗೂ ನಾನ್ನಗೂ ಕೊನೆಯಲ್ಲಿ ಏನಾದರೂ ಜಗಳವಾಗಿತ್ತಾ? ಇಲ್ಲಿಗೆ ಬಂದ ಮೇಲೆ ನಾನ್ನ ಒಂದು ಸಲವೂ ಅಮ್ಮನ ಹೆಸರು ಎತ್ತಲಿಲ್ಲ. ಮಾಸಿಕಕ್ಕೂ ಬಂದು ಕೂರಲಿಲ್ಲ. ನಾನು ಅಮ್ಮನ ಫೋಟೋ ಕೈಗೆ ಕೊಟ್ಟರೆ ಕೆಳಗಿಟ್ಟುಬಿಡುತ್ತಿದ್ದರು."

ನಾನು ಆಗ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಜಗಳವೇನೂ ಆಗಿರಲಿಲ್ಲಮ್ಮ ಎಂದೆ. ವಯಸ್ಸಾದವರು, ದುಃಖ ಒಬ್ಬೊಬ್ಬರಿಗೆ ಒಂದೊಂದು ಥರ ಎಂದೆ. ಅವರಿಬ್ಬರ ಹಾಗೆ ಬದುಕಿದವರನ್ನು ನಾನು ಬೇರೆಲ್ಲೂ ನೋಡಿಲ್ಲ ಎಂದೆ.

"ಹೌದಾ ಆಂಟೀ," ಎಂದಳು. ಆಮೇಲೆ ಮಕ್ಕಳು ಕರೆಯುತ್ತಿದ್ದಾರೆಂದು ಅವಳೇ ಫೋನು ಇಟ್ಟಳು. ನಂಬಿದಳೋ ಇಲ್ಲವೋ ತಿಳಿಯದು. ಕೈಯಲ್ಲಿದ್ದ ಬಟ್ಟೆ ಇನ್ನೂ ಹಸಿಯಾಗಿತ್ತು. ಮತ್ತೆ ತಂತಿಗೆ ಹಾಕಿದೆ.